ತೊಟ್ಟಿಯಲ್ಲಿ ಮಡಚಿದ ಎಲೆ

ಆ ಕಾಲದಲ್ಲಿ ತರೀಕೆರೆಯ ಐತಾಳರ ಹೋಟೆಲಿನಿಂದ ಹೊಟ್ಟೆ ತುಂಬದೆ ಎದ್ದವರಿಲ್ಲ. ಐತಾಳರೇ ಖುದ್ದಾಗಿ ಬಾಳೆಲೆಗೆ ಬಡಿಸುತ್ತಿದ್ದರು. ಬೇಡ ಬೇಡ ಎಂದರೂ ಇನ್ನೊಂದು ಸೌಟು. ತೊಂದರೆ ಶುರುವಾದದ್ದು ಬಾಗಿಲ ಬಳಿ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಬಿಟ್ಟ ಮೇಲೆ. ಅವಕ್ಕೂ ಅದೇ ಉಪಚಾರ! ತಿನ್ನದೆ ಉಳಿದದ್ದು ಕೊಳೆತು, ನೀರು ಕೆಟ್ಟು, ವಾರಕ್ಕೆರಡು ಮೀನು ಹೊಟ್ಟೆ ಮೇಲಾಗಿ ತೇಲತೊಡಗಿದವು.

"ನೋಡ್ಕೊಳ್ಳೋನು ನೀನು. ಇನ್ನೊಂದು ಸತ್ರೆ ನಿನಗೂ ಇಲ್ಲಿ ಕೆಲಸ ಇಲ್ಲ ಮಾರಾಯ," ಎಂದು ಅವರು ಸಪ್ಲೈಯರ್ ಸೂರಪ್ಪನ ಮೇಲೆ ಹರಿಹಾಯ್ದರು.

ಬಡಿಸುವ ಯಜಮಾನರ ಕೈ ತಡೆಯುವ ಧೈರ್ಯ ಯಾರಿಗಿದೆ? ಸೂರಪ್ಪ ಉಳಿದದ್ದನ್ನು ತಿನ್ನಲೆಂದು ಕೆರೆಯಿಂದ ನಾಲ್ಕು ಬಸವನಹುಳು ತಂದು ಬಿಟ್ಟ. ಅವಕ್ಕೂ ಮುಗಿಸಲಾಗಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಮೀನಿಗೆ ಒಂದು ಚಿಟಿಕೆ ಆಹಾರ ಉದುರಿಸಿದ. ಅವು ತಿಂದಾದ ಮೇಲೆ ಬಾಳೆಲೆಯ ತುಂಡೊಂದನ್ನು ಮಡಚಿ ನೀರಿನ ಮೇಲೆ ತೇಲಿಬಿಟ್ಟ.

ಐತಾಳರು ಮುಷ್ಟಿ ತುಂಬ ಮೀನಿನ ಆಹಾರ ಹಿಡಿದು ಬಂದರು. ಕೈ ಅಲ್ಲೇ ನಿಂತಿತು.

"ಯಾರೋ ಎಲೆ ಮಡಚಿದ್ದು?"

"ಮೀನೇ ಯಜಮಾನ್ರೆ. ಊಟ ಆಯ್ತಂತೆ."

ನಲವತ್ತು ವರ್ಷದಲ್ಲಿ ಮಡಚಿದ ಎಲೆಗೆ ಬಡಿಸಿದ ಕೈಯಲ್ಲ ಅದು. ಐತಾಳರು ಸೂರಪ್ಪನನ್ನು ದುರುಗುಟ್ಟಿ ನೋಡಿದರು. ಎಲೆಯನ್ನು ನೋಡಿದರು. ಕೊನೆಗೆ ಮೀನಿಗೆ, "ನಿಧಾನಕ್ಕೆ ಏಳಿ," ಎಂದು ಹೇಳಿ ಒಳಗೆ ಹೋದರು.

ಈಗ ಆ ಹೋಟೆಲೂ ಇಲ್ಲ, ಐತಾಳರೂ ಇಲ್ಲ. ಹಬ್ಬದೂಟಕ್ಕೆ ಕೂತ ಸೂರಪ್ಪ ಎಲೆ ಮಡಚಿದ ಮೇಲೂ ಮಗಳು ಪಾಯಸದ ಸೌಟು ಎತ್ತಿದರೆ, ಅವನು ಕೈ ಅಡ್ಡ ಹಿಡಿಯುತ್ತಾನೆ.

"ನಮ್ಮ ಹೋಟೆಲಿನ ಮೀನಿಗಿದ್ದ ಮರ್ಯಾದೆ ನನಗಿಲ್ವೇನೇ?"