ಎಡಗೈಯಲ್ಲಿದ್ದ ಕೊಂಬು

“ಗುರುಗಳೇ, ನಾಳೆ ಯುದ್ಧದಲ್ಲಿ ಮಡಿದವರ ನೆನಪಿನ ದಿನ. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಅವರಿಗೆ ಕೈಮುಗಿಯುತ್ತೇವೆ. ಅಷ್ಟು ಸಾಲದೇ?” ಎಂದು ಶಿಷ್ಯನು ಕೇಳಿದನು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಂದು ಊರಿತ್ತು. ಒಂದು ದಿನ ಆ ಊರಿನವರು ಹುರುಳಿ ಕೀಳುತ್ತಿದ್ದರು. ಬಿಸಿಲೇರುವ ಮುಂಚೆ ಕೆಲಸ ಮುಗಿಸಬೇಕೆಂದು ಎಲ್ಲರೂ ಹೊಲದಲ್ಲೇ ಇದ್ದರು. ಆಗ ಸುದ್ದಿ ಬಂತು: ವೈರಿಗಳ ಕುದುರೆದಂಡು ಹೊಳೆಯ ಆಚೆ ಬಂದಿದೆ, ದಾಟಲು ಜಾಗ ಹುಡುಕುತ್ತಿದೆ.

ಒಂಬತ್ತು ಜನ ಗಂಡಸರು ಹೊಳೆಗೆ ಹೋಗಿ ಕಾವಲು ನಿಂತರು. ಅವರಲ್ಲಿ ಒಬ್ಬನು ಕೊಂಬು ಊದುವವನು. ಊರಿನ ಹಬ್ಬಹರಿದಿನಗಳಿಗೆಲ್ಲ ಅವನದೇ ಕೊಂಬು. ಕುದುರೆಗಳು ನೀರಿಗಿಳಿದ ಕೂಡಲೇ ಅವನು ಕೊಂಬು ಊದಬೇಕು, ಸದ್ದು ಕೇಳಿದೊಡನೆ ಊರಿನವರು ಮಕ್ಕಳನ್ನೂ ದನಗಳನ್ನೂ ಕರೆದುಕೊಂಡು ಗುಡ್ಡ ಹತ್ತಬೇಕು ಎಂದು ಮಾತಾಗಿತ್ತು. ಇನ್ನೊಬ್ಬನು ಕುಂಬಾರರ ಮನೆಗೆ ಬಂದ ಹೊಸ ಅಳಿಯ. ಅವನು ಆ ಊರಿಗೆ ಬಂದು ಮೂರು ತಿಂಗಳಾಗಿತ್ತು. ಎಲ್ಲರೂ ಅವನನ್ನು ಕುಂಬಾರರ ಅಳಿಯ ಎಂದೇ ಕರೆಯುತ್ತಿದ್ದರು. ಕೊಂಬಿನವನೂ ಅವನೂ ಬಂಡೆಯ ಮರೆಯಲ್ಲಿ ಕುಳಿತು ಒಂದೇ ಬುತ್ತಿ ಬಿಚ್ಚಿ ಉಂಡರು.

ಕುದುರೆಗಳು ನೀರಿಗಿಳಿದವು. ಕೊಂಬಿನವನು ಕೊಂಬನ್ನು ತುಟಿಗಿಟ್ಟನು. ಬಾಯಿ ಒಣಗಿತ್ತು. ಉಸಿರು ಬರಲಿಲ್ಲ. ಮೊದಲ ಬಾಣ ಬಂಡೆಗೆ ತಾಗಿದಾಗ ಕೊಂಬು ಅವನ ಕೈಯಿಂದ ಜಾರಿತು. ಅವನು ತೆವಳಿಕೊಂಡು ಹೋಗಿ ಜೊಂಡಿನಲ್ಲಿ ಅಡಗಿದನು.

ಜೊಂಡಿನ ಸಂದಿಯಿಂದ ಅವನು ಎಲ್ಲವನ್ನೂ ನೋಡಿದನು. ಕುಂಬಾರರ ಅಳಿಯನು ಕೊಂಬನ್ನು ಎತ್ತಿಕೊಂಡನು. ಅವನಿಗೆ ಊದಿ ಅಭ್ಯಾಸವಿರಲಿಲ್ಲ. ಎರಡು ಸಲ ಬರೀ ಗಾಳಿ ಬಂತು. ಮೂರನೆಯ ಸಲ ಸದ್ದು ಹೊರಟಿತು. ಬಂಡೆಯ ಮರೆಯಲ್ಲಿ ನಿಂತರೆ ಸದ್ದು ಊರಿಗೆ ಮುಟ್ಟದೆಂದು ಅವನು ಮರೆಯಿಂದ ಹೊರಗೆ ನೀರಿನಂಚಿಗೆ ಬಂದು ನಿಂತು ಊದಿದನು. ಗುಡ್ಡದ ದಾರಿಯಲ್ಲಿ ಧೂಳೆದ್ದುದು ಕಾಣುವವರೆಗೆ ಊದಿದನು. ಆಮೇಲೆ ಬಾಣ ತಾಗಿ ಹೊಳೆಗೆ ಬಿದ್ದನು. ನೀರು ಅವನನ್ನು ಎಳೆದುಕೊಂಡು ಹೋಯಿತು. ಕೊಂಬು ದಂಡೆಯಲ್ಲೇ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ರಾಜನ ದಂಡು ಬಂದು ವೈರಿಗಳನ್ನು ಓಡಿಸಿತು. ಊರಿನವರು ಹೊಳೆಗೆ ಬಂದಾಗ ಏಳು ಹೆಣಗಳಿದ್ದವು. ಕೊಂಬಿನವನು ಕೊಂಬನ್ನು ಹಿಡಿದುಕೊಂಡು ನಿಂತಿದ್ದನು. ಅವನು ಬಾಯಿ ತೆರೆಯುವ ಮೊದಲೇ ಊರ ಗೌಡನು ಅವನನ್ನು ತಬ್ಬಿಕೊಂಡು, ನಿನ್ನ ಉಸಿರಿನಿಂದ ನಮ್ಮ ಮಕ್ಕಳು ಉಳಿದರು ಎಂದು ಅತ್ತನು. ಹೆಂಗಸರು ಅವನ ಕಾಲು ಮುಟ್ಟಿದರು. ಕುಂಬಾರರ ಅಳಿಯ ಎಲ್ಲಿ ಎಂದು ಯಾರೋ ಕೇಳಿದರು. ತಾನು ನೋಡಲಿಲ್ಲ ಎಂದು ಕೊಂಬಿನವನು ಹೇಳಿದನು. ಹೆಣ ಸಿಗಲಿಲ್ಲ. ಪರ ಊರಿನವನು, ಓಡಿಹೋಗಿರಬೇಕು ಎಂದು ಜನ ತೀರ್ಮಾನಿಸಿದರು.

ಏಳು ಜನರಿಗೆ ವೀರಗಲ್ಲು ನಿಲ್ಲಿಸಿದರು. ಪ್ರತಿ ವರ್ಷ ಅದೇ ದಿನ ಏಳು ಮನೆಯವರು ಹೊಸ ಗಡಿಗೆಗಳಲ್ಲಿ ಹೊಳೆಯ ನೀರು ತಂದು ಕಲ್ಲನ್ನು ತೊಳೆಯುತ್ತಿದ್ದರು. ಕೊಂಬಿನವನು ಕೊಂಬು ಊದುತ್ತಿದ್ದನು. ಆ ಗಡಿಗೆಗಳು ಕುಂಬಾರರ ಮನೆಯಿಂದಲೇ ಬರುತ್ತಿದ್ದವು. ಆದರೆ ಓಡಿಹೋದವನ ಮನೆಯವಳೆಂದು ಅಳಿಯನ ಹೆಂಡತಿಯನ್ನು ಕಲ್ಲಿನ ಹತ್ತಿರ ಸೇರಿಸುತ್ತಿರಲಿಲ್ಲ. ಅವಳು ಗಡಿಗೆಗಳನ್ನು ದೂರದಲ್ಲಿಟ್ಟು ಹಿಂದಿರುಗುತ್ತಿದ್ದಳು. ಕೊಂಬಿನವನು ಪ್ರತಿ ವರ್ಷ ಅದನ್ನು ನೋಡುತ್ತಿದ್ದನು. ಪ್ರತಿ ವರ್ಷ, ಬರುವ ವರ್ಷ ಹೇಳುತ್ತೇನೆ ಎಂದುಕೊಳ್ಳುತ್ತಿದ್ದನು.

ಹೀಗೆ ಹನ್ನೆರಡು ವರ್ಷ ಕಳೆಯಿತು. ಕುಂಬಾರ ದಂಪತಿ ತೀರಿಹೋಗಿ, ಆ ಮನೆಯಲ್ಲಿ ಗಡಿಗೆ ಮಾಡಲು ಮಗಳೊಬ್ಬಳೇ ಉಳಿದಳು. ಕೊಂಬಿನವನಿಗೆ ವಯಸ್ಸಾಯಿತು. ಬದುಕಿರುವವನಿಗೆ ಕಲ್ಲು ನಿಲ್ಲಿಸುವ ಪದ್ಧತಿ ಇರಲಿಲ್ಲ. ಆದರೂ ಇವನಿಗೆ ನಿಲ್ಲಿಸೋಣ, ಕಣ್ಣಾರೆ ನೋಡಲಿ ಎಂದು ಗೌಡನು ಹಟ ಹಿಡಿದನು. ಕೊಂಬಿನವನು ಎರಡು ಸಲ ಬೇಡವೆಂದನು. ಜನ ಅದನ್ನು ದೊಡ್ಡತನವೆಂದು ತಿಳಿದರು.

ನೆನಪಿನ ದಿನಕ್ಕೆ ಹತ್ತು ದಿನ ಮುಂಚೆ ಶಿಲ್ಪಿ ಬಂದನು. ಅವನು ನೋಡದ್ದನ್ನೂ ಕೇಳದ್ದನ್ನೂ ಕೆತ್ತುವವನಲ್ಲ. ಕಲ್ಲಿನ ಮುಂದೆ ಚಿತ್ರ ಗೀಚುವ ಕಾವಿ ಹಿಡಿದು ಕುಳಿತು, ಕೊಂಬನ್ನು ಒಮ್ಮೆ ಹಿಡಿದು ತೋರಿಸಿ ಎಂದನು. ಕೊಂಬಿನವನು ಹಿಡಿದು ನಿಂತನು.

“ಆಗ ಇವನಿಗೆ ಈ ಹೊಟ್ಟೆ ಇರಲಿಲ್ಲ ಕಣಪ್ಪ. ಅದನ್ನು ಬಿಟ್ಟು ಕೆತ್ತು” ಎಂದನು ಗೌಡ. ಸುತ್ತ ನಿಂತವರು ನಕ್ಕರು.

ಅಂದು ಹೇಗೆ ನಿಂತಿದ್ದಿರಿ, ಒಂದೊಂದಾಗಿ ಹೇಳಿ ಎಂದು ಶಿಲ್ಪಿ ಕೇಳಿದನು. ಕೊಂಬಿನವನು ಕಣ್ಣು ಮುಚ್ಚಿದನು. ಅಂದಿನಿಂದ ಕಣ್ಣು ಮುಚ್ಚಿದಾಗಲೆಲ್ಲ ಕಾಣುವುದು ಅದೊಂದೇ. ಕಂಡದ್ದನ್ನು ಕಂಡಂತೆ ಹೇಳಿದನು. ಬಲಗಾಲು ಬಂಡೆಯ ಮೇಲಿತ್ತು. ಎಡಗಾಲು ನೀರಿನಲ್ಲಿತ್ತು. ತಲೆಯ ವಸ್ತ್ರ ಬಿಚ್ಚಿ ಬೆನ್ನಿನ ಮೇಲೆ ಬಿದ್ದಿತ್ತು. ಅದರ ಅಂಚು ಕೆಂಪಗಿತ್ತು. ಕೊಂಬು ಎಡಗೈಯಲ್ಲಿತ್ತು.

ಶಿಲ್ಪಿಯ ಕಾವಿ ನಿಂತಿತು.

“ಈಗ ತಾನೇ ಬಲಗೈಯಲ್ಲಿ ಹಿಡಿದು ತೋರಿಸಿದಿರಿ” ಎಂದನು. “ಅದು ಹೋಗಲಿ. ನಿಮ್ಮ ಬೆನ್ನ ಮೇಲೆ ಬಿದ್ದ ಬಟ್ಟೆಯ ಅಂಚನ್ನು ನೀವು ಹೇಗೆ ನೋಡಿದಿರಿ?”

ನೆನಪಿನ ದಿನದ ಗಡಿಗೆ ತಂದಿದ್ದ ಕುಂಬಾರರ ಮಗಳು ದೂರದಲ್ಲಿ ನಿಂತಿದ್ದಳು. ಅವಳು ತಲೆಯ ಮೇಲಿನ ಗಡಿಗೆಯನ್ನು ನೆಲಕ್ಕಿಳಿಸಿದಳು.

“ನಮ್ಮನೆಯವರು ಊಟಕ್ಕೊಂದು ಬಿಟ್ಟು ಎಲ್ಲದಕ್ಕೂ ಎಡಗೈಯನ್ನೇ ಮುಂದೆ ಮಾಡುತ್ತಿದ್ದರು” ಎಂದಳು. ಅವಳು ಅದನ್ನು ಯಾರಿಗೆ ಹೇಳಿದಳೆಂದು ತಿಳಿಯಲಿಲ್ಲ.

ಗೌಡನು ಗಂಟಲು ಸರಿಮಾಡಿಕೊಂಡನು. ಗಡಿಗೆ ಇಟ್ಟಾಯಿತಲ್ಲ, ಮನೆಗೆ ನಡಿ ತಾಯಿ ಎಂದು ಅವಳಿಗೆ ಹೇಳಿದನು. ಹನ್ನೆರಡು ವರ್ಷದ ಮಾತು, ಎಡ ಬಲ ಅದಲುಬದಲಾಗಿರುತ್ತದೆ, ಕೊಂಬನ್ನು ಬಲಗೈಗೇ ಕೊಟ್ಟು ಬರೆ ಎಂದು ಶಿಲ್ಪಿಗೆ ಹೇಳಿದನು. ಕೊಂಬಿನವನು ಹೂಂ ಎಂದರೆ ಸಾಕಾಗಿತ್ತು. ತಲೆ ಆಡಿಸಿದರೂ ಸಾಕಾಗಿತ್ತು. ಸುಮ್ಮನಿದ್ದರೂ ನಡೆದುಹೋಗುತ್ತಿತ್ತು. ಸುಮ್ಮನಿರುವುದು ಅವನಿಗೆ ಹೊಸದಲ್ಲ. ಅವನ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಅಲ್ಲೇ ನಿಂತಿದ್ದರು.

ಶಿಲ್ಪಿ ಒದ್ದೆ ಬಟ್ಟೆ ತೆಗೆದುಕೊಂಡು ಕಲ್ಲಿನ ಮೇಲಿನ ಎಡಗೈಯನ್ನು ಒರೆಸಲು ಬಾಗಿದನು.

ಕೊಂಬಿನವನು ಅವನ ಕೈ ಹಿಡಿದನು.

“ಒರೆಸಬೇಡಿ. ನೀವು ಬರೆದಿರುವುದು ಸರಿಯಾಗಿದೆ. ಅಲ್ಲಿ ನಿಂತವನು ನಾನಲ್ಲ, ಕುಂಬಾರರ ಅಳಿಯ. ನಾನು ಜೊಂಡಿನಲ್ಲಿದ್ದೆ.”

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಊರಿನವರು ಆ ಕೊಂಬಿನವನನ್ನು ಏನು ಮಾಡಿದರು, ಗುರುಗಳೇ?” ಎಂದು ಶಿಷ್ಯನು ಕೇಳಿದನು.

“ಕಲ್ಲಿನ ಮೇಲೆ ಬರೆಯಲು ಶಿಲ್ಪಿ ಅಳಿಯನ ಹೆಸರು ಕೇಳಿದನು, ಗಂಡನ ಹೆಸರನ್ನು ಹೆಂಡತಿ ಹೇಳುವಂತಿರಲಿಲ್ಲ, ಅವಳನ್ನು ಬಿಟ್ಟರೆ ಆ ಹೆಸರು ನೆನಪಿದ್ದದ್ದು ಕೊಂಬಿನವನೊಬ್ಬನಿಗೇ. ಅದನ್ನು ಹೇಳಲು ಊರಿಗೆ ಅವನೇ ಬೇಕಾದನು.”