ನೆಲಗುಬ್ಬಿ ಕಲ್ಲಿನ ಹಾಗೆ ಬೀಳುವುದು ಏಕೆ

ಇವತ್ತು ಬೆಳಿಗ್ಗೆ ಬಯಲಿನಲ್ಲಿ ನೀನು "ಅಜ್ಜೀ, ಗುಬ್ಬಿ ಬಿದ್ದೇ ಹೋಯ್ತು!" ಎಂದು ಕೂಗಿದೆಯಲ್ಲ, ಅದು ಮನೆಗುಬ್ಬಿ ಅಲ್ಲ ಮಗು, ನೆಲಗುಬ್ಬಿ. ಬಿದ್ದೂ ಹೋಗಲಿಲ್ಲ. ಕೇಳು, ಹೇಳುತ್ತೇನೆ.

ಲೋಕ ಆಗ ತಾನೇ ಬೆಳಗಿಟ್ಟ ಹಿತ್ತಾಳೆ ತಪ್ಪಲೆಯ ಹಾಗೆ ಫಳಫಳ ಹೊಳೆಯುತ್ತಿದ್ದ ಕಾಲ. ಗಾಳಿಗೆ ಯಾವ ಕಡೆ ಬೀಸಬೇಕೆಂದು ಇನ್ನೂ ಗೊತ್ತಿರಲಿಲ್ಲ. ಹಕ್ಕಿಗಳೆಲ್ಲ ಮರ ಹಂಚಿಕೊಳ್ಳುತ್ತಿದ್ದವು. ಬೇವು ಕಾಗೆಗೆ, ಜಾಲಿ ಕಾಜಾಣಕ್ಕೆ.

ಕುರುಚಲು ಬಯಲಿನ ನೆಲಗುಬ್ಬಿಗಳೂ ಒಂದು ಕೊಂಬೆ ಹಿಡಿಯಲು ನೋಡಿದವು. ಕೂತರೆ ಜಾರಿದವು. ಮತ್ತೆ ಕೂತವು, ಮತ್ತೆ ಜಾರಿದವು. ಅವುಗಳ ಕಾಲು ನಡೆಯುವ ಕಾಲು, ಕೊಂಬೆ ಹಿಡಿಯುವ ಕಾಲಲ್ಲ.

"ನೆಲವೇ ಸಾಕು ಬಿಡಿ," ಎಂದಳು ಹೆಂಡತಿ.

ಆಗ ಗಂಡ ಹೆಂಡತಿ ಇಬ್ಬರದೂ ಒಂದೇ ಬಣ್ಣ, ಒಣ ಮಣ್ಣಿನ ಬಣ್ಣ. ಕುರಿಯ ಗೊರಸು ಒತ್ತಿ ಆಗಿದ್ದ ಒಂದು ಪುಟ್ಟ ಗುಳಿಯನ್ನು ಅವಳು ಹುಡುಕಿದಳು. ಅದಕ್ಕೆ ಹುಲ್ಲು ಹಾಸಿದಳು, ಉದುರಿದ ಉಣ್ಣೆ ಹಾಸಿದಳು. ಎರಡು ಮೊಟ್ಟೆ ಇಟ್ಟಳು. ಚುಕ್ಕಿ ಚುಕ್ಕಿಯ ಮೊಟ್ಟೆಗಳು!

ಮರುದಿನ ಬೆಳಿಗ್ಗೆ ನೆಲ ನಡುಗಿತು. ದಡ ದಡ ದಡ! ಕುರಿಹಿಂಡು ಹೊಂಡದ ನೀರಿಗೆ ಹೊರಟಿತ್ತು. ಒಂದು ಗೊರಸು ಮೊಟ್ಟೆಗಳಿಂದ ಬೆರಳಷ್ಟೇ ದೂರದಲ್ಲಿ ಊರಿತು.

ಹೆಂಡತಿ ಓಡಿದಳು. ಹಿಂಡಿನ ಮುಂದಾಳು ಕೆಂಚಿ ಎಂಬ ಕುರಿ. "ಕೆಂಚಕ್ಕಾ, ಸ್ವಲ್ಪ ನೋಡಿಕೊಂಡು ನಡೆಯಬಾರದೇ?"

"ನೋಡಿಕೊಂಡೇ ನಡೀತೀನಲ್ಲ," ಎಂದಳು ಕೆಂಚಿ ಮೆಲುಕು ಹಾಕುತ್ತಾ. "ನಾನು ಹುಲ್ಲು ನೋಡ್ತೀನಿ. ನನ್ನ ಹಿಂದಿನವರು ನನ್ನ ಬಾಲ ನೋಡ್ತಾರೆ. ನೆಲ ನೋಡೋಕೆ ಯಾರಿಗೆ ಪುರುಸೊತ್ತು?"

"ಮತ್ತೆ ನೀವು ಕಾಲು ಪಕ್ಕಕ್ಕೆ ತೆಗೆಯೋದು ಯಾವುದಕ್ಕೆ?"

"ಗೊರಸಿನ ಸಂದಿಗೆ ಹರಳು ಕಲ್ಲು ಚುಚ್ಚಿದರೆ ಮಾತ್ರ. ಅಬ್ಬಬ್ಬಾ, ಅದೊಂದು ನಮಗಾಗದು! ಸಂಜೆ ಇದೇ ದಾರೀಲಿ ವಾಪಸು ಬರ್ತೀವಿ ಕಣೇ."

ಸಂಜೆ! ಅಷ್ಟರೊಳಗೆ ಗೂಡಿನ ಸುತ್ತ ಹರಳಿನ ಕಟ್ಟೆ ಕಟ್ಟಬೇಕು. ಆದರೆ ಅಲ್ಲೆಲ್ಲ ಬರೀ ಮೆತ್ತನೆ ಮಣ್ಣು. ಒಂದು ಹರಳೂ ಇಲ್ಲ.

"ನಾನು ನೋಡಿದ್ದೇನೆ!" ಎಂದಿತು ಗಾಳಿ. "ಕುರಿ ಕಾಯುವವರ ಬಿಡಾರದಲ್ಲಿ, ಮಾಳವ್ವನ ಒಲೆಯೊಳಗೆ, ಬೂದಿಯ ಅಡಿಯಲ್ಲಿ ಹರಳು ಹಾಸಿದೆ!"

ಗಂಡ ಹಾರಿದ. ಮಾಳವ್ವನ ಒಲೆ ಆರಿತ್ತು, ಆದರೆ ಮೇಲೆ ಮಸಿ ಹಿಡಿದ ಗಡಿಗೆ ಕೂತಿತ್ತು. ಅವನು ಒಲೆಯ ಬಾಯಿಗೆ ತಲೆ ಹಾಕಿದ, ಹೊಟ್ಟೆಯ ಮೇಲೆ ತೆವಳಿದ, ಒಂದು ಹರಳು ಕಚ್ಚಿಕೊಂಡು ಹೊರಬಂದ.

"ಏನೋ ತಮ್ಮಾ," ಎಂದಳು ಮಾಳವ್ವ, "ನನ್ನ ಒಲ್ಯಾಗ ನಿಂದೇನ್ ಕೆಲಸ? ರೊಟ್ಟಿ ಬಡೀತಿಯೇನ?"

"ಮೊಟ್ಟೆಗೆ ಕಟ್ಟೆ ಕಟ್ತೀನವ್ವಾ!"

"ಹಂಗಾರ ಒಯ್ಯಿ, ಒಯ್ಯಿ. ಒಂದೂ ಹೊಟ್ಯಾಗ ಹಾಕ್ಕೋಬ್ಯಾಡ ಮತ್ತ!"

ಒಯ್ದ, ಬಂದ. ಒಯ್ದ, ಬಂದ. ಪ್ರತಿ ಸಲವೂ ಇದ್ದಿಲಿನ ಮೇಲೆ ತೆವಳಿದ, ಪ್ರತಿ ಸಲವೂ ತಲೆಯ ಮೇಲೆ ಬೂದಿ ಉದುರಿತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಕಪ್ಪು, ಎದೆ ಕಪ್ಪು, ನೆತ್ತಿ ಬೂದಿ.

ಹೆಂಡತಿ ಕತ್ತೆತ್ತಿ ನೋಡಿದಳು. "ಯಾರಪ್ಪಾ ತಾವು? ನಮ್ಮವರು ಹರಳು ತರೋಕೆ ಹೋಗಿದ್ದಾರೆ. ಅವರು ಬಂದಮೇಲೆ ಬನ್ನಿ."

"ಲೇ, ನಾನೇ ಕಣೇ!"

ನಗುವುದಕ್ಕೂ ಹೊತ್ತಿರಲಿಲ್ಲ. ಅವಳು ಒಂದರ ಪಕ್ಕ ಒಂದು ಹರಳು ಜೋಡಿಸಿದಳು. ಕಟ್ಟೆ ಬೆಳೆಯಿತು. ಬಿಸಿಲು ಇಳಿಯಿತು. ಇನ್ನು ಒಂದೇ ಒಂದು ಹರಳು ಕಡಿಮೆ. ಅದೂ ಕುರಿಗಳು ಬರುವ ದಿಕ್ಕಿಗೆ!

ಕೊನೆಯ ಹರಳು ತರಲು ಗಂಡ ಹಾರಿದ. ಅದನ್ನು ಕಚ್ಚಿ, ಆಕಾಶದ ಎತ್ತರದಲ್ಲಿ ಹಿಂದಿರುಗುತ್ತಿದ್ದ. ಆಗಲೇ ಗಾಳಿ ಕಿರುಚಿತು: "ಬಂದವು! ಬಂದವು!"

ಕೆಳಗೆ ಕೆಂಧೂಳು. ಎಲ್ಲಕ್ಕಿಂತ ಮುಂದೆ ಕೆಂಚಿ, ಹುಲ್ಲನ್ನೇ ನೋಡುತ್ತಾ. ಅವಳ ಕಾಲು ನೇರ ಕಟ್ಟೆಯ ಆ ಖಾಲಿ ಜಾಗದ ಕಡೆಗೇ ಏಳುತ್ತಿತ್ತು. ಹೆಂಡತಿ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತಿದ್ದಳು. ಕದಲಲಿಲ್ಲ.

ಮೆಲ್ಲಗೆ ಇಳಿದು ಹರಳು ಇಡುವಷ್ಟು ಹೊತ್ತು ಎಲ್ಲಿದೆ? "ನಿಲ್ಲೂ!" ಎಂದು ಕೂಗಲು ಅವನು ಬಾಯಿ ತೆರೆದ. ಹರಳು ಜಾರಿ ಯಾವುದೋ ಪೊದೆಗೆ ಬಿತ್ತು.

"ಹರಳು ಹೋದರೆ ಹೋಗಲಿ, ನಾನೇ ಹರಳು!"

ರೆಕ್ಕೆ ಮಡಚಿದ. ಕಲ್ಲಿನ ಹಾಗೆ ಬಿದ್ದ. ಸುಯ್ಯ್ ಎಂದು ಕೆಂಚಿಯ ಮೂಗಿನ ಮುಂದೆಯೇ ಬಿದ್ದ. ನೆಲಕ್ಕೆ ಇನ್ನೇನು ಬಡಿಯಬೇಕು, ರೆಕ್ಕೆ ಬಿಚ್ಚಿ ಸರ್ರನೆ ಮೇಲೆದ್ದ!

ಕೆಂಚಿ ಬೆಚ್ಚಿಬಿದ್ದು ಚಂಗನೆ ಹಾರಿದಳು. ಗೂಡಿನ ಆಚೆ ಹೋಗಿ ಬಿದ್ದಳು. ಹಿಂದಿನ ಕುರಿ ಅವಳ ಬಾಲ ನೋಡಿತು, ತಾನೂ ಅಲ್ಲೇ ಹಾರಿತು. ಅದರ ಹಿಂದಿನದೂ ಹಾರಿತು. ಯಾಕೆ ಹಾರುತ್ತಿದ್ದೇವೆಂದು ಯಾರಿಗೂ ಗೊತ್ತಿಲ್ಲ, ಆದರೆ ಇಡೀ ಹಿಂಡು ಅದೇ ಜಾಗದಲ್ಲಿ ಹಾರಿತು!

ಗಂಡನಿಗೆ ಸಂತೋಷ ತಡೆಯಲಾಗಲಿಲ್ಲ. ಸಿಳ್ಳೆ ಹಾಕುತ್ತಾ ಏರಿದ, ಬಿದ್ದ. ಏರಿದ, ಬಿದ್ದ. ಕೊನೆಯ ಮರಿ ದಾಟುವವರೆಗೂ ನಿಲ್ಲಿಸಲಿಲ್ಲ.

ಧೂಳು ಇಳಿಯಿತು. ಹೆಂಡತಿ ರೆಕ್ಕೆ ಎತ್ತಿದಳು. ಒಂದು ಮೊಟ್ಟೆ. ಇನ್ನೊಂದು ಮೊಟ್ಟೆ. ಎರಡೂ ಬೆಚ್ಚಗಿದ್ದವು.

"ಬಾರಪ್ಪಾ, ಮಸಿ ತೊಳೆದುಕೋ," ಎಂದು ಹೊಂಡದ ನೀರು ಕರೆಯಿತು.

"ಬೇಡ ರೀ," ಎಂದಳು ಹೆಂಡತಿ. "ಆಕಾಶದಲ್ಲಿ ಎಷ್ಟು ಹಕ್ಕಿ ಹಾರುತ್ತವೋ. ಕತ್ತೆತ್ತಿದ ಕೂಡಲೇ, ಅದೋ ಕರಿಹೊಟ್ಟೆ, ನಮ್ಮವರೇ ಅಂತ ನನಗೆ ಗೊತ್ತಾಗಬೇಕು."

ಅವನು ತೊಳೆದುಕೊಳ್ಳಲೇ ಇಲ್ಲ. ಅದಕ್ಕೇ ಇಂದಿಗೂ ಗಂಡು ನೆಲಗುಬ್ಬಿಯ ಹೊಟ್ಟೆ ಇದ್ದಿಲು, ನೆತ್ತಿ ಬೂದಿ. ಹೆಣ್ಣು ಮಾತ್ರ ಮಣ್ಣಿನ ಬಣ್ಣದಲ್ಲೇ ಇದ್ದಾಳೆ. ಗೂಡಿನ ಅಂಚಿಗೆ ಇಂದಿಗೂ ಅವಳು ಹರಳು ಜೋಡಿಸುತ್ತಾಳೆ.

ಇವತ್ತು ಬೆಳಿಗ್ಗೆ ಅವನು ನಿನ್ನ ಮುಂದೆ ಸುಯ್ಯ್ ಎಂದು ಇಳಿದಾಗ ನೀನು ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತೆಯಲ್ಲ ಮಗು, ಅವನು ಬಿದ್ದದ್ದಲ್ಲ, ಹತ್ತಿರದಲ್ಲೇ ಇದ್ದ ಗೂಡಿಗಾಗಿ ಆ ಸಂಜೆ ಕಡಿಮೆಯಾದ ಒಂದು ಹರಳನ್ನು ನಿನ್ನ ಹೆಜ್ಜೆಯ ಮುಂದೆ ಇಟ್ಟುಹೋದದ್ದು.