ಕರಡಿಗೆ ಕರಡಿ

ಗುರುಗಳು ಶಿವಪೂಜೆಗೆ ಕೂತಿದ್ದರು. ಶಿಷ್ಯ ಸದ್ದಿಲ್ಲದೆ ಒಳಗೆ ಬಂದು, ಬೆನ್ನ ಹಿಂದೆಯೇ ನಿಂತು ಕೇಳಿದ: "ಗುರುಗಳೇ, ಕರಡಿಗಳಿರುವ ಕಲ್ಲುಗುಡ್ಡದ ಮಠಕ್ಕೆ ಎಲ್ಲರನ್ನೂ ಬಿಟ್ಟು ನನ್ನನ್ನೇ ಆರಿಸಿದ್ದೀರಿ. ಅಲ್ಲಿ ಬಾಳಬೇಕಾದರೆ ಎಂಥ ಕೋವಿ ಬೇಕು? ಅದರ ಮೇಲೆ ಎಷ್ಟು ದೂರ ಕಾಣುವ ದುರ್ಬೀನು ಬೇಕು?"

ಗುರುಗಳು ಬೆಚ್ಚಿದರು. ಕೈಯಲ್ಲಿದ್ದ ಬಿಲ್ವಪತ್ರೆ ಉದುರಿತು. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಅಂತಾರಲ್ಲ, ಹಾಗಾಯಿತು. ಆದರೂ ಸಿಟ್ಟಾಗಲಿಲ್ಲ. "ಕೂತುಕೋ" ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಾದ್ಯಗಾರನಿದ್ದ. ಅವನು ಬಾರಿಸುವ ಚರ್ಮವಾದ್ಯದ ಹೆಸರೂ ಕರಡಿಯೇ. ಊರಿಗೂ ಪೇಟೆಗೂ ನಡುವೆ ಕರಡಿಗಳ ಗುಡ್ಡ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ವಾದ್ಯ ಬಾರಿಸುತ್ತಲೇ ಆ ಗುಡ್ಡ ದಾಟಿದವರು. ಒಬ್ಬರ ಮೈಮೇಲೂ ಒಂದು ಗೀರಿರಲಿಲ್ಲ. ಆ ಹೆಮ್ಮೆಗೆ ಅವನ ಎದೆ ಅವನಿಗಿಂತ ಅರ್ಧ ಗೇಣು ಮುಂದೆ ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಪೇಟೆಯ ವರ್ತಕನ ಮನೆಯ ಮದುವೆಗೆ ಬಾರಿಸಲು ಹೊರಟ. ಊರಿಗೆ ಬಂದು ಮರಳುತ್ತಿದ್ದ ವರ್ತಕನೇ ದಾರಿಯಲ್ಲಿ ಜೊತೆಯಾದ. ಆತ ಮೂರು ದಿನ ಅಂಗಡಿಯಲ್ಲಿ ಕೂತು ಕೋವಿ ಆರಿಸಿದ್ದ. "ಪೊದೆಯ ದಾರಿಗೆ ಗಿಡ್ಡ ಜೋಡುನಳಿಗೆ ಸಾಕು" ಎಂದು ಅಂಗಡಿಯವನು ಹೇಳಿದ್ದ. ಸಾಕು ಎನ್ನುವ ಮಾತು ವರ್ತಕನಿಗೆ ಹಿಡಿಸಲಿಲ್ಲ. ಉದ್ದ ನಳಿಗೆಯದನ್ನೇ ಕೊಂಡ. ಆಚೆ ಗುಡ್ಡದ ಮೇಕೆಯ ಗಡ್ಡ ಎಣಿಸಬಹುದಾದ ದುರ್ಬೀನು ಕೂರಿಸಿದ.

"ಏನೋ, ಈ ಗುಡ್ಡಕ್ಕೆ ಬರಿಗೈಲಿ ಬಂದಿದ್ದೀಯಲ್ಲ?" ಎಂದ ವರ್ತಕ.

"ಬರಿಗೈ ಯಾಕೆ ಸಾವ್ಕಾರ್ರೇ? ಬೆನ್ನ ಮೇಲೆ ಕರಡಿ ಇದೆ."

ವರ್ತಕ ಗಿರ್ರನೆ ತಿರುಗಿ ಅವನ ಬೆನ್ನಿಗೇ ಕೋವಿ ಹಿಡಿದ.

"ಅಯ್ಯಯ್ಯೋ, ಹೊಡೀಬೇಡಿ! ಈ ಕರಡಿಯನ್ನು ಹೊಡೆಯೋನು ನಾನು. ಅದೂ ಕೋಲಿನಿಂದ!"

ವರ್ತಕನ ಮುಖ ಕೆಂಪಾಯಿತು. "ಗುಡ್ಡ ದಾಟುವ ತನಕ ಅದರ ಸದ್ದು ಕೇಳಿಸಬಾರದು. ಕರಡಿಗಳೆಲ್ಲ ಓಡಿಹೋದರೆ ನನ್ನ ಕೋವಿ ಯಾತಕ್ಕೆ?" ಎಂದ.

ಮದುವೆ ಅವನ ಮನೆಯದು. ವಾದ್ಯಗಾರ ಕೋಲನ್ನು ಸೊಂಟಕ್ಕೆ ಸಿಕ್ಕಿಸಿದ. ತನ್ನ ವಂಶದಲ್ಲಿ ಈ ಗುಡ್ಡವನ್ನು ಕಳ್ಳನಂತೆ ಹತ್ತಿದ ಮೊದಲನೆಯವನು ತಾನೇ ಎಂದು ತಲೆ ತಗ್ಗಿಸಿ ನಡೆದ.

ಎರಡು ಬಂಡೆಗಳ ನಡುವಿನ ತಿರುವಿನಲ್ಲಿ ಏನೋ ಸರಿದಂತಾಯಿತು. ವರ್ತಕ ದುರ್ಬೀನಿಗೆ ಕಣ್ಣಿಟ್ಟ. ಬರೀ ಕಪ್ಪು. ಗಾಜಿಗೆ ಮಸಿ ಹತ್ತಿದೆ ಎಂದು ಧೋತರದ ಚುಂಗಿನಿಂದ ಒರೆಸಿದ. ಮತ್ತೆ ನೋಡಿದ. ಮಸಿ ಉಸಿರಾಡುತ್ತಿತ್ತು.

ಆರು ಹೆಜ್ಜೆಯಾಚೆ ತಾಯಿಕರಡಿ, ಮರಿಗಳನ್ನು ಹಿಂದಿಟ್ಟುಕೊಂಡು, ಎರಡು ಕಾಲಿನ ಮೇಲೆ ಎದ್ದು ನಿಂತಿತ್ತು. ವರ್ತಕನ ಕೈಯಿಂದ ಕೋವಿ ಜಾರಿತು. ವಾದ್ಯಗಾರನ ಕೈ ಸಾವ್ಕಾರನನ್ನೂ ಮರೆಯಿತು, ಮದುವೆಯನ್ನೂ ಮರೆಯಿತು. ಬೆನ್ನ ಮೇಲಿದ್ದ ಕರಡಿ ಹೊಟ್ಟೆಗೆ ಬಂತು. ಬಾರಿಸಿದ. ಅಪ್ಪ ಕಲಿಸಿದ್ದು, ಅಪ್ಪನಿಗೆ ಅಜ್ಜ ಕಲಿಸಿದ್ದು, ಎಲ್ಲವನ್ನೂ ಬಾರಿಸಿದ. ಬಂಡೆಗಳು ಮರುದನಿ ಕೊಟ್ಟವು. ಕರಡಿ ಒಂದು ಗಳಿಗೆ ಕೇಳಿಸಿಕೊಂಡಿತು. ಆಮೇಲೆ ಮರಿಗಳನ್ನು ಬೆನ್ನಿಗೆ ಹತ್ತಿಸಿಕೊಂಡು ಬಂಡೆಯ ಹಿಂದೆ ಇಳಿದು ಹೋಯಿತು.

ವರ್ತಕ ಬಿದ್ದ ಕೋವಿಯನ್ನು ಎತ್ತಿ ಅವನ ಮುಂದೆ ಹಿಡಿದ. "ಕೋವಿ ನೀನಿಟ್ಟುಕೋ ಮಾರಾಯಾ. ಆ ಕರಡಿ ನನಗೆ ಕೊಡು."

"ಕರಡಿ ಕೊಡಬಹುದು ಸಾವ್ಕಾರ್ರೇ. ಮುತ್ತಜ್ಜನನ್ನು ಎಲ್ಲಿಂದ ತರ್ತೀರಿ?" ಎಂದು ವಾದ್ಯಗಾರ ಬಾರಿಸುತ್ತಲೇ ಗುಡ್ಡ ಇಳಿದ. ಈಗ ಅವನ ಎದೆ ಒಂದು ಗೇಣು ಮುಂದಿತ್ತು.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಬೀಗುತ್ತ ಎದ್ದ. "ತಿಳಿಯಿತು ಗುರುಗಳೇ. ಕೋವಿ ಬೇಡ, ದುರ್ಬೀನೂ ಬೇಡ. ಗುಡ್ಡ ಕರಡಿಯ ಮನೆ. ಅಲ್ಲಿಗೆ ಹೋಗುವವನು ಬರುತ್ತಿದ್ದೇನೆ ಎಂದು ಸದ್ದು ಮಾಡಿಯೇ ಹೋಗಬೇಕು. ಇಷ್ಟು ಸಣ್ಣ ವಿಷಯ ನನಗೆ ಗೊತ್ತಿಲ್ಲವೇ?"

ಗುರುಗಳು ಬಿದ್ದಿದ್ದ ಬಿಲ್ವಪತ್ರೆಯನ್ನು ಎತ್ತಿಕೊಂಡು ಕೇಳಿದರು: "ಈಗ ಇಲ್ಲಿಗೆ ಬರುವಾಗ ಬಾಗಿಲಲ್ಲಿ ಒಂದು ಸಲ ಕೆಮ್ಮಿದ್ದೆಯಾ, ತಮ್ಮಾ?"